ಬೆನ್ನು ತೆರೆದ ಮೀನು

ಚೀಟಿ ಗಟ್ಟಿಯಾಗಿ ಹಿಡ್ಕೋ, ಅದೇರೊ.
ಮೂವತ್ತು ನನ್ನದು, ಮೂವತ್ತೊಂದು ನಿನ್ನದು.
ಒಂಬತ್ತಕ್ಕೆ ಗೇಟು ತೆಗೀತಾರೆ ಅಂತ ಬರೆದಿದೆ,
ಹತ್ತೂವರೆಯಾದರೂ ಆಯಿತು.
ವಿಮಾನಕ್ಕೆ ಹೊತ್ತುಗೊತ್ತು ಉಂಟು,
ಮುಳ್ಳಿಗೆ ಯಾವ ಅವಸರ?
ಲೋಲ್ವೆ ಕೊಟ್ಟರೂ ಕಾವಲುಗಾರ ಕೊಡ.

ಒಳಗೆ ಬಿಳಿ ಬೂಟು, ಬಿಳಿ ಟೋಪಿ, ಬಾಯಿಗೆ ಬಟ್ಟೆ,
ಆಸ್ಪತ್ರೆಯ ಹಾಗೆ.
ಒಂದು ಸಲ ಇಣುಕಿದ್ದೆ.
ಮೀನಿನ ಎರಡೂ ಮಗ್ಗುಲು ಬಿಡಿಸಿ
ಮಂಜಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ
ಕೂಸಿಗೆ ಜೋಗುಳ ಹಾಡಿ ಮಲಗಿಸಿದಷ್ಟು ಮೆಲ್ಲಗೆ.
ನಾಳೆ ಹೊತ್ತಿಗೆ ಅದು
ನನ್ನ ನಾಲಗೆ ಹೊರಳದ ಯಾವುದೋ ಊರಲ್ಲಿ.
ಮುಳ್ಳು ಕಂಡರೆ ಅಲ್ಲಿಯ ಮಕ್ಕಳು ಹೆದರುತ್ತಾರಂತೆ.

ಉಳಿದದ್ದು ನಮಗೆ:
ತಲೆ, ಬಾಲ, ನಡುವೆ ಒಂದು ಬಾಚಣಿಗೆ.
ಮ್‌ಗೊಂಗೊ ವಾಜಿ ಅನ್ನುತ್ತಾರೆ ಪೇಟೆಯಲ್ಲಿ, ಬೆನ್ನು ತೆರೆದದ್ದು.
ಹಿಂದೆ ಗುಂಡಿ ಇಲ್ಲದ ರವಿಕೆಗೂ ಅದೇ ಹೆಸರು.
ನಗು ಬಂದರೆ ನಗು.
ನಾನೂ ಮೊದಲ ದಿನ ನಕ್ಕಿದ್ದೆ.

ಒಂದು ಗುಟ್ಟು ಹೇಳುತ್ತೇನೆ, ಹಿಂದಿನವಳಿಗೆ ಕೇಳಿಸದ ಹಾಗೆ.
ಕೆನ್ನೆ ನೋಡಿ ಆರಿಸಿಕೋ.
ಕಣ್ಣಿನ ಕೆಳಗೆ, ಎರಡು ಬೆರಳಿನಷ್ಟು ಮಾಂಸ
ಇಂದಿಗೂ ಇದೆ.
ಅವರ ಕತ್ತಿಗೆ ಅದಿನ್ನೂ ತಿಳಿದಿಲ್ಲ.

ನನ್ನಜ್ಜಿ ಫುಲು ಹಿಡಿಯುತ್ತಿದ್ದಳು,
ಜೊಂಡಿನ ಬುಟ್ಟಿಯಲ್ಲಿ, ಮೊಣಕಾಲ ನೀರಲ್ಲಿ ನಿಂತು.
ಬೆರಳುದ್ದದ ಮೀನು; ಒಂದರ ಬಾಲ ಕೆಂಪು, ಒಂದರ ಹೊಟ್ಟೆ ಹಳದಿ,
ಒಂದಕ್ಕಂತೂ ಹಣೆಯಲ್ಲಿ ಬೊಟ್ಟು.
ಪ್ರತಿಯೊಂದಕ್ಕೂ ಹೆಸರಿತ್ತು.
ಆಮೇಲೆ ಯಾರೋ ಎಲ್ಲಿಂದಲೋ
ಬಕೆಟ್ಟಿನಲ್ಲಿ ತಂದು ಬಿಟ್ಟರಂತೆ ಈ ಎಂಬೂಟವನ್ನು.
ಅದು ಮೀನುಗಳನ್ನು ತಿಂದಿತು,
ಮೀನು ಹೋದ ಮೇಲೆ ಹೆಸರು ತಿನ್ನಲು ಎಷ್ಟು ಹೊತ್ತು?
ನನಗೆ ಈಗ ನೆನಪಿರುವುದು ನಾಲ್ಕೇ.
ಕೇಳಬೇಡ, ಅವನ್ನೂ ಹೇಳಿಬಿಟ್ಟರೆ ಮುಗಿಯಿತು.

ಮೊನ್ನೆಯಿಂದ ಇನ್ನೊಬ್ಬ ಬರುತ್ತಾನೆ,
ಚಿನ್ನ ತೂಗುವ ತಕ್ಕಡಿ ಹಿಡಿದು.
ಅವನಿಗೆ ಮೀನು ಬೇಡ, ಮುಳ್ಳು ಬೇಡ,
ಹೊಟ್ಟೆಯೊಳಗಿನ ಗಾಳಿಚೀಲ ಬೇಕು.
ಒಣಗಿಸಿ ಕಡಲಾಚೆ ಸೂಪು ಮಾಡುತ್ತಾರಂತೆ, ಮದುವೆಗೆ.
ಮೀನಿಗಿಂತ ಮೀನಿನ ಉಸಿರು ದುಬಾರಿ!
ನನ್ನ ತಮ್ಮ ಒಗುಟು ದೋಣಿಯಲ್ಲೇ ಕೂತು
ಗಾಳಿಚೀಲಗಳನ್ನು ಎಣಿಸುತ್ತಾನೆ,
ರಾತ್ರಿ ಕನವರಿಸುವುದೂ ಅದನ್ನೇ.

ಮದುವೆ ಅಂದೆನಲ್ಲ.
ಡಿಸೆಂಬರಿನಲ್ಲಿ ಬೀಗರು ಬಂದರು, ಮಗಳನ್ನು ಕೇಳಲು.
ಬೀಗರಿಗೆ ಬೆನ್ನು ತೆರೆದದ್ದು ಬಡಿಸುತ್ತಾರೆಯೇ?
ಇಡಿ ಮೀನು ಬೇಕು, ತಲೆ ಬಾಲ ಸಹಿತ,
ಅದೂ ಙೆಗೆಯೇ ಆಗಬೇಕು.
ದಡವೆಲ್ಲ ಅಲೆದೆ. ಒಂದಕ್ಕೆ ಕೇಳಿದ ಬೆಲೆಗೆ
ಒಂದು ತಿಂಗಳ ಎಣ್ಣೆ ಬರುತ್ತಿತ್ತು.
ಕಡೆಗೆ ಬಸ್‌ ನಿಲ್ದಾಣದ ಹಿಂದಿನ ತಣ್ಣನೆ ಕೋಣೆಯಲ್ಲಿ
ಒಂದು ಪೆಟ್ಟಿಗೆ ಕೊಂಡೆ.
ಮೇಲೆ ಜೇಡ ನಡೆದಂಥ ಅಕ್ಷರ. ಚೀನಾದ ಕೊಳದ್ದು.
ಎಲ್ಲ ಒಂದೇ ಅಳತೆ, ಶಾಲೆಯ ಸಮವಸ್ತ್ರದ ಮಕ್ಕಳು.

ರಟ್ಟನ್ನು ಒಲೆಗೆ ಹಾಕಿದೆ.
ಅದರದೇ ಬೆಂಕಿಯಲ್ಲಿ ಅದನ್ನೇ ಬೇಯಿಸಿದೆ,
ಟೊಮೆಟೊ, ಈರುಳ್ಳಿ, ಮೇಲಷ್ಟು ಸುಳ್ಳು.

ವರನ ದೊಡ್ಡಪ್ಪ ನ್ಯಾಮ್‌ವಾಯ, ಎಂಬತ್ತರ ಮುದುಕ,
ಹರೆಯದಲ್ಲಿ ಬಲೆ ಎಳೆದವನು.
ತಲೆ ಚೀಪಿದ, ಕಣ್ಣು ಚೀಪಿದ,
ಬೆರಳು ಬೆರಳು ನೆಕ್ಕಿ ಅಂದ:
‘ಎಷ್ಟು ಹೇಳಿ, ನಮ್ಮ ಲೋಲ್ವೆಯ ನೀರಿನ ರುಚಿಯೇ ರುಚಿ.’

ಇನ್ನೊಂದು ಹಾಕಲೇ ಅಂದೆ.
ಹಾಕು ಅಂದ.

ಹಾಕುವಾಗ ಕೈ ನಡುಗಿತು.
ಮಗಳು ಒಲೆಯ ಕಡೆ ತಿರುಗಿ
ಹೊಗೆ ಅಂತ ಕಣ್ಣೊರೆಸಿಕೊಂಡಳು.
ಮುದುಕನಿಗೆ ಗೊತ್ತಿತ್ತೇ?
ಹೋಗುವಾಗ ನನ್ನ ಕೈ ಹಿಡಿದು
ಬಿಡಲೇ ಇಲ್ಲ ಬಹಳ ಹೊತ್ತು.

ಅಗೋ, ಸಂಕಲೆ ಸದ್ದು.
ತಳ್ಳುತ್ತಾರೆ, ನೀನೂ ತಳ್ಳು.
ಬಕೆಟ್ಟು ಎದೆಗೆ ಅವಚಿಕೋ.
ಚೀಟಿ ಒದ್ದೆಯಾದರೆ ಒಪ್ಪುವುದಿಲ್ಲ, ಬಾಯಲ್ಲಿ ಕಚ್ಚಿಕೋ.
ಕೆನ್ನೆ, ಅದೇರೊ,
ಕೆನ್ನೆ ನೋಡು.